ಟ್ರೇಲ್ ಕ್ಯಾಮೆರಾ ಫೋಟೋ ನಂಬಿ ಬೇಟೆ ಲೀಸ್‌ಗೆ ದುಡ್ಡು ಕಳಿಸಬೇಡಿ

ಟೆಕ್ಸಾಸ್‌ನಲ್ಲಿ ಜಿಂಕೆ ಬೇಟೆಗೆ ಲೀಸ್ ಹುಡುಕುತ್ತಿದ್ದೀರಾ? ಯಾರಾದರೂ ಟ್ರೇಲ್ ಕ್ಯಾಮೆರಾದ (ಮರಕ್ಕೆ ಕಟ್ಟಿಟ್ಟರೆ ಪ್ರಾಣಿ ಸುಳಿದಾಗ ತಾನೇ ಕ್ಲಿಕ್ ಮಾಡುವ ಕ್ಯಾಮೆರಾ) ಫೋಟೋ ಕಳಿಸಿ "ಇವೆಲ್ಲ ಈ ಜಾಗದವೇ" ಅಂದಿದ್ದಾರಾ? ಹಾಗಿದ್ದರೆ ದುಡ್ಡು ಕಳಿಸುವ ಮೊದಲು ಇದನ್ನೊಮ್ಮೆ ಓದಿ.

ಊರಿನಲ್ಲಿದ್ದು ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಕಾಯ್ದೆ ಇರುವ ನಮ್ಮ ದೇಶದಲ್ಲಿ ಜಿಂಕೆ ಹೊಡೆಯುವುದು ಅಪರಾಧ. ಇಲ್ಲಿ ಅಮೆರಿಕದಲ್ಲಿ ಲೈಸೆನ್ಸ್ ಇಟ್ಟುಕೊಂಡು, ಸೀಸನ್‌ನಲ್ಲಿ, ಇಷ್ಟೇ ಅಂತ ಲೆಕ್ಕ ಹಾಕಿ ಹೊಡೆಯುತ್ತಾರೆ. ಬೇಟೆ ಸರಿಯೋ ತಪ್ಪೋ ಅನ್ನುವ ಜಗಳ ಇವತ್ತು ಬೇಡ. ಇದು ಮೋಸದ ವಿಷಯ.

ಟೆಕ್ಸಾಸ್‌ನ ನೆಲದಲ್ಲಿ ಶೇಕಡಾ 95ರಷ್ಟು ಖಾಸಗಿಯವರದ್ದು. ಸರ್ಕಾರಿ ಕಾಡಿಗೆ ಸುಮ್ನೆ ಹೋಗಿ ಕೂರುತ್ತೇನೆ ಅಂದರೆ ಜಾಗ ತೀರಾ ಕಡಿಮೆ. ಹಾಗಾಗಿ ರಾಂಚ್ ಮಾಲೀಕರಿಂದ ಎಕರೆ ಲೆಕ್ಕದಲ್ಲಿ ಸೀಸನ್‌ಗೆ ಜಾಗ ಹಿಡಿಯಬೇಕು. ರೈಫಲ್ ಸೀಸನ್ ನವೆಂಬರ್ ಮೊದಲ ಶನಿವಾರ ಶುರು. ಬೇಸಿಗೆ ಮುಗಿಯುವಷ್ಟರಲ್ಲಿ ಲೀಸ್‌ಗೆ ಎಳೆದಾಟ ಜೋರಾಗಿರುತ್ತದೆ. ಮೋಸ ಮಾಡುವವನಿಗೂ ಅದೇ ಸುಗ್ಗಿ.

ನಾವು ಕೆಲವು ಗೆಳೆಯರು ಸೇರಿ ಹಿಲ್ ಕಂಟ್ರಿ (ಟೆಕ್ಸಾಸ್ ನಡುವಿನ ಗುಡ್ಡಗಾಡು) ಕಡೆ ಒಂದು ಜಾಗ ಹಿಡಿದೆವು. ಕೊಟ್ಟವನು "ಮಾಲೀಕರ ಪರವಾಗಿ ನಾನೇ ಎಲ್ಲ ನೋಡಿಕೊಳ್ಳುತ್ತೇನೆ" ಅಂದಿದ್ದ. ಅವನ ಮಾತಿಗಿಂತ ಜಾಸ್ತಿ ಕೆಲಸ ಮಾಡಿದ್ದು ಅವನು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋಗಳು. ಒಂದಕ್ಕಿಂತ ಒಂದು ದೊಡ್ಡ ಕೊಂಬಿನ ಗಂಡುಗಳು, ಇಲ್ಲಿಯವರ ಮಾತಿನಲ್ಲಿ ಬಕ್. ಕತ್ತು ದಪ್ಪ, ಎದೆ ಅಗಲ. "ಹನ್ನೆರಡು ಬಕ್ ಇವೆ, ಎಲ್ಲ ಬೇರೆಬೇರೆ" ಅಂದ. ಒಪ್ಪಂದದ ಕಾಗದ ಬಂತು, ಗೇಟಿನ ಬೀಗದ ನಂಬರ್ ಬಂತು, ದುಡ್ಡು ಹೋಯಿತು.

ಗೇಟಿನ ನಂಬರ್ ಕೆಲಸ ಮಾಡಿತು. ಜಾಗವೂ ಇತ್ತು. ಸುಣ್ಣಕಲ್ಲಿನ ನೆಲ, ಲೈವ್ ಓಕ್ ಮರ, ಇಲ್ಲಿಯವರು ಸೀಡರ್ ಅನ್ನುವ ಜೂನಿಪರ್ ಪೊದೆ, ಪಾಪಾಸುಕಳ್ಳಿ. ಸೆಪ್ಟೆಂಬರ್‌ನಲ್ಲಿ ನಮ್ಮ ಕ್ಯಾಮೆರಾಗಳನ್ನು ಕಟ್ಟಿದೆವು. ಸೊಂಟದ ಎತ್ತರಕ್ಕೆ, ಮುಖ ಉತ್ತರಕ್ಕೆ, ಮುಂದಿನ ಹುಲ್ಲು ಕತ್ತರಿಸಿ. ಬಿಸಿಲು ನೇರ ಬಿದ್ದರೆ, ಹುಲ್ಲು ಅಲ್ಲಾಡಿದರೆ ಸೆನ್ಸರ್ ಸುಳ್ಳುಸುಳ್ಳೇ ಕ್ಲಿಕ್ ಮಾಡುತ್ತಾ ಕೂರುತ್ತದೆ. ಸಿಮ್ ಇರುವ ಕ್ಯಾಮೆರಾ ಆದ್ದರಿಂದ ಫೋಟೋ ಸೀದಾ ಫೋನಿಗೆ.

ಬಂದದ್ದೇನು? ಹೆಣ್ಣು ಜಿಂಕೆ, ಮರಿ, ರಕೂನ್, ಫೀಡರ್‌ನ (ಜಿಂಕೆಗೆ ಮೇವು ಉದುರಿಸುವ ಡಬ್ಬ) ಮುಸುಕಿನ ಜೋಳ ಮುಕ್ಕುವ ಕಾಡುಹಂದಿಗಳ ದಂಡು. ಗಂಡು ಅಂತ ಬಂದವು ಕೊಂಬು ಕವಲೊಡೆಯದ ಎಳೆಯವು. ಅವನು ಕಳಿಸಿದ ಫೋಟೋದ ಜಿಂಕೆ ಒಂದೂ ಇಲ್ಲ. ಕೇಳಿದರೆ "ರಟ್ ಶುರುವಾಗಲಿ, ತಾನಾಗಿ ಬರುತ್ತವೆ" ಅಂದ. ಈ ಮಾತಿನಲ್ಲಿ ಅರ್ಧ ನಿಜ ಇದೆ. ರಟ್ ಅಂದರೆ ಬೆದೆಯ ಕಾಲ. ಆಗ ಗಂಡುಗಳು ದೂರದೂರ ಅಲೆಯುತ್ತವೆ, ಬೇಸಿಗೆಯಲ್ಲಿ ಕಾಣದ್ದು ನವೆಂಬರ್‌ನಲ್ಲಿ ಕಾಣಬಹುದು. ಅದಕ್ಕೇ ಇಂಥವರ ಜೊತೆ ವಾದ ಮಾಡಲು ಆಗುವುದಿಲ್ಲ.

ಆಮೇಲೆ ಒಂದು ದಿನ ಫೋನಿಗೆ ಬಂದದ್ದು ಮನುಷ್ಯರ ಫೋಟೋ. ಇಬ್ಬರು, ಹೆಗಲ ಮೇಲೆ ಜೋಳದ ಚೀಲ. ನಮ್ಮ ಬ್ಲೈಂಡ್‌ಗೆ (ಬೇಟೆಗೆ ಅಡಗಿ ಕೂರುವ ಮರೆ) ಎದುರಿನ ಮರಕ್ಕೆ ಅವರದೇ ಕ್ಯಾಮೆರಾ ಕಟ್ಟುತ್ತಿದ್ದರು. ಕಳ್ಳರು ಅಂದುಕೊಂಡೆವು. ಫೀಡರ್ ಕಾಲಿಗೆ ಪ್ಲಾಸ್ಟಿಕ್ ಚೀಲದಲ್ಲಿ ಫೋನ್ ನಂಬರ್ ಬರೆದ ಚೀಟಿ ಕಟ್ಟಿ ಬಂದೆವು. ಅವರು ಫೋನ್ ಮಾಡಿದರು. ಅವರಿಗೂ ನಮ್ಮ ಮೇಲೆ ಅದೇ ಅನುಮಾನ! ಅದೇ ಮನುಷ್ಯ, ಅದೇ ಜಾಗ, ಅದೇ ಸೀಸನ್, ಅವರಿಂದಲೂ ಪೂರ್ತಿ ದುಡ್ಡು. ಅವರ ಫೋನಿನಲ್ಲೂ ಅವೇ ಫೋಟೋಗಳು.

ದುಡ್ಡು ಹೋಗಿದ್ದು ಒಂದು ಕಡೆ ಇರಲಿ. ಇದು ಮೊದಲೇ ಗೊತ್ತಾಗದೆ ಇದ್ದಿದ್ದರೆ ನವೆಂಬರ್ ಮೊದಲ ಶನಿವಾರ ಬೆಳಕು ಹರಿಯುವ ಮೊದಲು ಎರಡು ಗುಂಪು, ಒಂದಕ್ಕೊಂದು ಗೊತ್ತಿಲ್ಲದೆ, ಎದುರುಬದುರು ರೈಫಲ್ ಹಿಡಿದು ಕೂತಿರುತ್ತಿದ್ದವು. ಜಿಂಕೆ ರೈಫಲ್‌ನ ಗುಂಡು ಮೈಲಿ ದಾಟಿ ಹೋಗುತ್ತದೆ. ಟೆಕ್ಸಾಸ್‌ನಲ್ಲಿ ಕಿತ್ತಳೆ ಬಣ್ಣದ ಬಟ್ಟೆ ಕಡ್ಡಾಯ ಇರುವುದು ಸಾರ್ವಜನಿಕ ಬೇಟೆ ಜಾಗದಲ್ಲಿ ಮಾತ್ರ, ಖಾಸಗಿ ಜಾಗದಲ್ಲಿ ಇಲ್ಲ. ಇದನ್ನು ಬರೆಯುವಾಗಲೂ ಹೊಟ್ಟೆ ತೊಳಸುತ್ತದೆ.

ಮುಂದೆ ಇನ್ನೂ ಕೆಟ್ಟದ್ದಿತ್ತು. ಇಲ್ಲಿ ಪ್ರತಿ ಕೌಂಟಿಗೂ (ನಮ್ಮ ಜಿಲ್ಲೆಯ ಥರ) ಒಂದು ಅಪ್ರೈಸಲ್ ಡಿಸ್ಟ್ರಿಕ್ಟ್, ಅಂದರೆ ತೆರಿಗೆಗೆ ಆಸ್ತಿಯ ಬೆಲೆ ಕಟ್ಟುವ ಕಚೇರಿ ಇರುತ್ತದೆ. ಯಾವ ಜಮೀನು ಯಾರ ಹೆಸರಿನಲ್ಲಿದೆ ಅಂತ ಅದರ ಸೈಟ್‌ನಲ್ಲಿ ಪುಕ್ಕಟೆ ನೋಡಬಹುದು. ನೋಡಿದೆವು. ನಿಜವಾದ ಮಾಲೀಕರು ಒಬ್ಬ ವಯಸ್ಸಾದ ರಾಂಚರ್. ಅವರು ಆ ಮನುಷ್ಯನಿಗೆ, ಅವನ ಮನೆಯವರ ಬೇಟೆಗೆ ಅಂತ ಮಾತ್ರ ಜಾಗ ಕೊಟ್ಟಿದ್ದರು. ಬೇರೆಯವರಿಗೆ ಒಳಲೀಸ್ ಕೊಡುವ ಹಾಗಿಲ್ಲ ಅಂತ ಒಪ್ಪಂದದಲ್ಲೇ ಇತ್ತು. ಅಂದರೆ ನಾವು ಅಲ್ಲಿ ಕಾಲಿಟ್ಟಿದ್ದೇ ಮಾಲೀಕರ ಒಪ್ಪಿಗೆ ಇಲ್ಲದೆ. ಅವರು ಒಳ್ಳೆಯವರು, ಕೂಗಾಡಲಿಲ್ಲ. ಸಾಮಾನು ತೆಗೆದುಕೊಂಡು ಹೋಗಿ ಅಂದರು.

ಇದು ಸಣ್ಣ ವಿಷಯ ಅಲ್ಲ. ಟೆಕ್ಸಾಸ್‌ನಲ್ಲಿ ಜಮೀನಿನವರ ಒಪ್ಪಿಗೆ ಇಲ್ಲದೆ ಬಿಳಿಬಾಲದ ಜಿಂಕೆ ಹೊಡೆದರೆ ಅದು ಫೆಲೊನಿ, ಅಂದರೆ ಗಂಭೀರ ಅಪರಾಧ. ಲೀಸ್ ಕಾಗದ ತೋರಿಸಿ ಬಿಡಿಸಿಕೊಳ್ಳಬಹುದೇನೋ, ಆದರೆ ಅದು ವಕೀಲರ ಫೀಸ್ ಕಟ್ಟಿದ ಮೇಲೆ. ಎಚ್‌-1ಬಿ ವೀಸಾದಲ್ಲಿ ಇರುವವರು ಇನ್ನೂ ಹುಷಾರಾಗಿರಬೇಕು. ಇಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವ ಹಾಗೇ ಇಲ್ಲ ಅನ್ನುವುದು ಇಲ್ಲಿನ ಫೆಡರಲ್ ಕಾನೂನು. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ಆ ವಿನಾಯಿತಿ ಹಿಡಿದುಕೊಂಡು ಹೋದ ಮನುಷ್ಯ ಬೇಟೆಯ ಕೇಸಿನಲ್ಲೇ ಸಿಕ್ಕಿಬಿದ್ದರೆ ಗ್ರೀನ್ ಕಾರ್ಡ್ ಗತಿ ಏನು, ನೀವೇ ಯೋಚಿಸಿ.

ಈಗ ಆ ಫೋಟೋಗಳ ವಿಷಯಕ್ಕೆ ಬರುತ್ತೇನೆ. ಎರಡೂ ಗುಂಪು ಕೂತು ಒಂದೊಂದನ್ನೇ ಹಿಗ್ಗಿಸಿ ನೋಡಿದೆವು. ಹೆಚ್ಚಿನವುಗಳಲ್ಲಿ ಕೆಳಗಿನ ಪಟ್ಟಿಯನ್ನೇ ಕತ್ತರಿಸಿದ್ದ. ತಾರೀಖು, ಗಂಟೆ, ತಾಪಮಾನ, ಚಂದ್ರನ ಚಿತ್ರ ಇರುವುದು ಆ ಪಟ್ಟಿಯಲ್ಲೇ. ಹಾಗಂತ ಪಟ್ಟಿ ಇದ್ದರೆ ಫೋಟೋ ನಿಜ ಅಂತಲೂ ಅಲ್ಲ. ತಾರೀಖನ್ನು ಕ್ಯಾಮೆರಾದಲ್ಲಿ ಯಾರು ಬೇಕಾದರೂ ಬದಲಿಸಬಹುದು. ಚಂದ್ರನ ಚಿತ್ರವೂ ಆಕಾಶ ನೋಡಿ ಬಂದದ್ದಲ್ಲ, ಕ್ಯಾಮೆರಾ ಆ ತಾರೀಖಿನಿಂದ ಲೆಕ್ಕ ಹಾಕಿ ಹಾಕುತ್ತದೆ. ತಾರೀಖು ಸುಳ್ಳಾದರೆ ಚಂದ್ರನೂ ಸುಳ್ಳು.

ಜಿಂಕೆಯ ಮೈ ಹಾಗಲ್ಲ. ಪಟ್ಟಿ ಉಳಿದಿದ್ದ ಒಂದು ಫೋಟೋದಲ್ಲಿ ತಾರೀಖು ಅಕ್ಟೋಬರ್ ಮಧ್ಯದ್ದು. ಆದರೆ ಕೊಂಬಿನ ಮೇಲೆ ಇನ್ನೂ ವೆಲ್ವೆಟ್, ಅಂದರೆ ಕೊಂಬು ಬೆಳೆಯುವಾಗ ಇರುವ ಮೆತ್ತನೆ ರೋಮದ ಪೊರೆ. ಟೆಕ್ಸಾಸ್‌ನ ಗಂಡುಗಳು ಅದನ್ನು ಸೆಪ್ಟೆಂಬರ್‌ನಲ್ಲೇ ಮರಕ್ಕೆ ಉಜ್ಜಿ ಕಳಚುತ್ತವೆ. ಮೈ ಕೂಡ ಕೆಂಪಗಿತ್ತು, ಅದು ಬೇಸಿಗೆಯ ಬಣ್ಣ. ಚಳಿಗಾಲಕ್ಕೆ ಬೂದು ಬಣ್ಣಕ್ಕೆ ತಿರುಗುತ್ತದೆ. ಇದನ್ನು ನೋಡಲು ಹಗಲಿನ ಫೋಟೋನೇ ಬೇಕು, ರಾತ್ರಿಯ ಇನ್‌ಫ್ರಾರೆಡ್ ಫೋಟೋ ಕಪ್ಪುಬಿಳುಪು.

ಗಾತ್ರ ಇನ್ನೊಂದು ಸುಳಿವು. ಹಿಲ್ ಕಂಟ್ರಿಯಲ್ಲಿ ಜಿಂಕೆ ಸಂಖ್ಯೆ ಜಾಸ್ತಿ, ಮೈ ಚಿಕ್ಕದು. ಉತ್ತರದ ರಾಜ್ಯಗಳಲ್ಲಿ 200 ಪೌಂಡ್ ದಾಟುವ ಗಂಡುಗಳು ಸಿಗುತ್ತವೆ, ಫೋಟೋದಲ್ಲಿ ಇದ್ದವು ಆ ಜಾತಕದವು. ಹಿಂದೆ ನೆಟ್ಟಗೆ ಬೆಳೆದ ಎತ್ತರದ ಮರ, ನೆಲದ ತುಂಬ ಅಗಲ ಎಲೆ. ಕಳ್ಳಿ ಇಲ್ಲ, ಸುಣ್ಣಕಲ್ಲು ಇಲ್ಲ. ಇನ್ನು ಹನ್ನೆರಡು ಬಕ್ ಅಂದಿದ್ದನಲ್ಲ, ಹರಿದ ಕಿವಿಯ ಒಂದೇ ಜಿಂಕೆ ಅದರಲ್ಲಿ ಎಷ್ಟೋ ಸಲ ಇತ್ತು. ಬಂಡೀಪುರ, ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಪಟ್ಟೆ ನೋಡಿ ಹುಲಿ ಎಣಿಸುತ್ತಾರೆ, ಪಟ್ಟೆ ಸಾಯುವವರೆಗೂ ಬದಲಾಗುವುದಿಲ್ಲ. ಜಿಂಕೆಯ ಕೊಂಬು ಪ್ರತಿ ವರ್ಷ ಉದುರಿ ಹೊಸದು ಬರುತ್ತದೆ. ಕಳೆದ ವರ್ಷದ ಫೋಟೋ, ಆಚೆ ವರ್ಷದ ಫೋಟೋ ಬೆರೆಸಿದರೆ ಒಂದೇ ಪ್ರಾಣಿಯನ್ನು ಮೂರು ಅಂತ ಮಾರಬಹುದು.

ಹಾಗಾಗಿ ವಾಟ್ಸಾಪ್ ಫೋಟೋ ಬೇಡ ಅನ್ನಿ, ಅದರಲ್ಲಿ ಮೂಲ ಫೈಲ್‌ನ ಮಾಹಿತಿ ಅಳಿಸಿಹೋಗಿರುತ್ತದೆ. ಮೆಮೊರಿ ಕಾರ್ಡ್‌ನ ಫೈಲ್‌ಗಳನ್ನು ಹಾಗೇ ಕೊಡಲಿ, ಬರೀ ಬಕ್ ಅಲ್ಲ, ಹಂದಿ, ರಕೂನ್, ಖಾಲಿ ಫೋಟೋ ಎಲ್ಲವೂ ಇರಲಿ. ಕ್ಯಾಮೆರಾ ಕಟ್ಟಿದ ಮರದ ಹತ್ತಿರ ನೀವೇ ಹೋಗಿ ನಿಂತು ಹಿನ್ನೆಲೆ ಹೊಂದುತ್ತದಾ ನೋಡಿ. ಮತ್ತೆ ಕೌಂಟಿ ದಾಖಲೆಯಲ್ಲಿರುವ ಮಾಲೀಕರ ಜೊತೆ ನೀವೇ ಮಾತಾಡಿ. "ಮಾಲೀಕರಿಗೆ ತೊಂದರೆ ಕೊಡಬೇಡಿ" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಸಹಿ ಅವರದ್ದೇ ಇರಬೇಕು. ಈ ಸೀಸನ್‌ಗೆ ಬೇರೆ ಯಾರಿಗೂ ಕೊಟ್ಟಿಲ್ಲ ಅನ್ನುವ ಸಾಲು ಒಪ್ಪಂದದಲ್ಲಿ ಇರಲೇಬೇಕು.

ನಾವೂ ಆ ಗುಂಪಿನವರೂ ಜಸ್ಟಿಸ್ ಆಫ್ ದ ಪೀಸ್ ಕೋರ್ಟ್‌ನಲ್ಲಿ (ಸಣ್ಣ ಮೊತ್ತದ ದಾವೆ ನೋಡುವ ಸ್ಥಳೀಯ ಕೋರ್ಟ್) ದಾವೆ ಹಾಕಿದ್ದೇವೆ. ಟೆಕ್ಸಾಸ್‌ನಲ್ಲಿ 20,000 ಡಾಲರ್‌ವರೆಗಿನ ದಾವೆಯನ್ನು ವಕೀಲರಿಲ್ಲದೆ ಅಲ್ಲಿ ನಾವೇ ಹಾಕಬಹುದು. "ಜಿಂಕೆ ಸಿಗುತ್ತದೆ ಅಂತ ಗ್ಯಾರಂಟಿ ಕೊಟ್ಟಿರಲಿಲ್ಲ" ಅನ್ನುವುದು ಅವನ ಉತ್ತರ. ನಮ್ಮ ದೂರು ಜಿಂಕೆಯ ಬಗ್ಗೆ ಅಲ್ಲವೇ ಅಲ್ಲ. ಅವನದ್ದಲ್ಲದ ಜಾಗವನ್ನು ಎರಡು ಸಲ ಮಾರಿದ್ದಾನೆ. ವಿಚಾರಣೆಯ ತಾರೀಖು ಇನ್ನೂ ಬಂದಿಲ್ಲ. ನಿಮಗೂ ಹೀಗೆ ಆಗಿದ್ದರೆ ಚಾಟ್, ಫೋಟೋ, ದುಡ್ಡು ಕಳಿಸಿದ ರಸೀದಿ ಯಾವುದನ್ನೂ ಡಿಲೀಟ್ ಮಾಡಬೇಡಿ.