ಮಾಡ್‌ಫ್ಲೋ: ಬೋರ್ ಪಾಯಿಂಟ್ ತೋರಿಸಲ್ಲ, ಆದ್ರೂ ನಾಲ್ಕು ಸ್ಟಾರ್

ಮಾಡ್‌ಫ್ಲೋ ಅಂದರೆ ನೆಲದಡಿಯ ನೀರು ಹೇಗೆ ಹರಿಯುತ್ತದೆ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್. ಮೊದಲೇ ಹೇಳಿಬಿಡುತ್ತೇನೆ, ಬೋರ್ ಎಲ್ಲಿ ಕೊರೆಸಬೇಕು ಅಂತ ಇದು ಹೇಳೋದಿಲ್ಲ. ಅದಕ್ಕೇ ಅಂತ ಹಾಕಿಕೊಂಡರೆ ಸುಮ್ನೆ ಟೈಮ್ ವೇಸ್ಟ್.

ಕುಷ್ಟಗಿ ಹತ್ತಿರ ನಮ್ಮದು ನಾಲ್ಕು ಎಕರೆ ದಾಳಿಂಬೆ. ಬೋರು ಮೂರು, ಎರಡರಲ್ಲಿ ಮೋಟಾರ್ ಹತ್ತು ನಿಮಿಷಕ್ಕೇ ಗಾಳಿ ಎಳೆಯುತ್ತದೆ. ಪಕ್ಕದ ಹೊಲದ ಕಾಕಾ ಹೊಸ ಬೋರ್ ಹಾಕಿಸುತ್ತೇನೆ ಅಂದ ದಿನದಿಂದ ಅಪ್ಪನದು ಒಂದೇ ಮಾತು, "ನಮ್ಮ ನೀರು ಅವ್ರ ಕಡಿ ಹೊಕ್ಕಾವೇನು?" ಈ ಪ್ರಶ್ನೆಗೆ ಮಾಡ್‌ಫ್ಲೋ ಸರಿಯಾದ ಸಾಮಾನು.

ಅಮೆರಿಕದ ಸರ್ಕಾರಿ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ 1984ರಲ್ಲಿ ಮೊದಲು ಹೊರತಂದದ್ದು, ಈಗ ನಡೆಯುತ್ತಿರುವುದು ಮಾಡ್‌ಫ್ಲೋ 6. ನಕ್ಷೆ ಬಿಡಿಸಲು ಅವರದೇ ಮಾಡೆಲ್‌ಮ್ಯೂಸ್ ಇದೆ. ಎರಡೂ ಫ್ರೀ, ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೇ ಓಡಿದವು. ಮೈಸೂರುಪಾಕ್ ಕೊಯ್ದ ಹಾಗೆ ನೆಲವನ್ನು ಚೌಕ ಚೌಕ ಮಾಡಿ, ಒಂದೊಂದು ತುಂಡಿಗೂ ಎಷ್ಟು ನೀರು ಬಂತು, ಎಷ್ಟು ಹೋಯಿತು, ಮಟ್ಟ ಎಲ್ಲಿಗೆ ನಿಂತಿತು ಅಂತ ಲೆಕ್ಕ ಹಾಕುತ್ತದೆ. ಒಳಗಿರುವುದು 1856ರ ಡಾರ್ಸಿ ಸೂತ್ರ, ಮಣ್ಣು ಕಲ್ಲಿನ ಸಂದಿಯಲ್ಲಿ ನೀರು ಎಷ್ಟು ಹರಿಯುತ್ತದೆ ಅಂತ ಹೇಳುವುದು. ನೆಲದಡಿಯ ಎಣ್ಣೆ ತೆಗೆಯುವವರೂ ಹೀಗೇ ತುಂಡು ಲೆಕ್ಕ ಮಾಡುತ್ತಾರೆ, ಆದರೆ ಅಲ್ಲಿ ಎಣ್ಣೆ, ನೀರು, ಗ್ಯಾಸ್ ಮೂರೂ ಅದೇ ಕಲ್ಲಿನ ಸಂದಿಯಲ್ಲಿ ಜಾಗಕ್ಕೆ ಕಿತ್ತಾಡುವುದರಿಂದ ತಲೆನೋವು ಜಾಸ್ತಿ. ಅದಕ್ಕೆ ಓಪಿಎಂ ಫ್ಲೋ ಅಂತ ಬೇರೆಯದೇ ಇದೆ, ಅದೂ ಫ್ರೀ.

ಮೊದಲ ದಿನವೇ ಎಡವಟ್ಟು ಮಾಡಿಕೊಂಡೆ. ಇಂಗುವ ಮಳೆಯನ್ನು ದಿನದ ಲೆಕ್ಕದಲ್ಲಿ ಕೊಟ್ಟೆ, ಮಾಡೆಲ್ ಇದ್ದದ್ದು ಸೆಕೆಂಡಿನಲ್ಲಿ. ಅಂದರೆ 86,400 ಪಟ್ಟು ಮಳೆ! ನೀರಿನ ಮಟ್ಟ ನಮ್ಮೂರ ಗುಡಿಯ ಶಿಖರ ದಾಟಿ ಎಲ್ಲೋ ಹೋಯಿತು. ಸಾಫ್ಟ್‌ವೇರ್ ಕಮಕ್ ಕಿಮಕ್ ಅನ್ನಲಿಲ್ಲ. "ನಾರ್ಮಲ್ ಟರ್ಮಿನೇಶನ್", ಅಂದರೆ ಲೆಕ್ಕ ಸರಿಯಾಗಿ ಮುಗಿಯಿತು ಅಂತ ತೋರಿಸಿ ಕೂತಿತು. ಒಂದು ಸ್ಟಾರ್ ಕಟ್ ಮಾಡಿದ್ದು ಇದಕ್ಕೇ.

ಇನ್ನೊಂದು ತೊಂದರೆ ಅದರದಲ್ಲ, ನಮ್ಮ ನೆಲದ್ದು. ನಮ್ಮ ಕಡೆ ಮೇಲೆ ಮಸಾರಿ, ಅದರಡಿ ಗರಸು, ಕೆಳಗೆ ಬರೀ ಗ್ರಾನೈಟ್, ನೈಸ್ (gneiss) ಅನ್ನೋ ಗಟ್ಟಿ ಬಂಡೆ. ಆಳದ ನೀರೆಲ್ಲ ಬಿರುಕಿನಲ್ಲಿ. ನಾನು ಕಟ್ಟಿದಂಥ ಸಾದಾ ಮಾಡೆಲ್ ಬಂಡೆಯನ್ನೂ ಸ್ಪಂಜು ಅಂದುಕೊಳ್ಳುತ್ತದೆ. ಹಾಗಾಗಿ ಸುಮ್ಮನಿದ್ದ ಎರಡು ಬೋರಿಗೆ ಪ್ರತಿ ಭಾನುವಾರ ಹಗ್ಗಕ್ಕೆ ನಟ್ಟು ಕಟ್ಟಿ ಬಿಟ್ಟೆ. ಕೇಸಿಂಗ್‌ಗೆ ಕಿವಿ ಕೊಟ್ಟು ಕೂತರೆ "ಟಪ್" ಅನ್ನುತ್ತದೆ, ಆಗ ಹಗ್ಗಕ್ಕೆ ಗಂಟು ಹಾಕಿ ಎಳೆದು ಅಳೆಯುವುದು. ಆ ಅಳತೆಗೆ ಮಾಡೆಲ್ ಹೊಂದುವ ತನಕ ಕಲ್ಲು ಎಷ್ಟು ನೀರು ಹರಿಯಬಿಡುತ್ತದೆ ಅನ್ನೋ ಅಂಕಿ ತಿದ್ದಿದೆ. ನಾಲ್ಕು ತಿಂಗಳು ಹಿಡಿಯಿತು. ಇಷ್ಟು ತಾಳ್ಮೆ ಇಲ್ಲದಿದ್ದರೆ ಬರೀ ಬಣ್ಣದ ಚಿತ್ರ ಸಿಗುತ್ತದೆ, ಅಷ್ಟೇ.

ಕೊನೆಗೆ ಸಿಕ್ಕ ಉತ್ತರ: ನಮ್ಮದು, ಕಾಕಾನದು ಎರಡೂ ಮೋಟಾರ್ ಒಟ್ಟಿಗೆ ಓಡಿದರೆ ಬೇಸಿಗೆಯಲ್ಲಿ ಇಬ್ಬರಿಗೂ ಕಷ್ಟ, ಪಾಳಿ ಮೇಲೆ ಓಡಿಸಿದರೆ ಮಟ್ಟ ಅಷ್ಟು ಆಳಕ್ಕೆ ಬೀಳುವುದಿಲ್ಲ. ಲ್ಯಾಪ್‌ಟಾಪ್ ಒಯ್ದು ಕಾಕಾಗೆ ತೋರಿಸಿದೆ. ಪೂರ್ತಿ ನೋಡಿದರು. "ಚಲೋ ಐತಿ ತಮ್ಮಾ. ತ್ರೀ ಫೇಸ್ ಕರೆಂಟ್ ಯಾವಾಗ ಬರ್ತೈತಿ ಅನ್ನೋದು ಇದಕ್ಕ ಗೊತ್ತೇನು?"

ಗೊತ್ತಿರಲಿಲ್ಲ. ಅದನ್ನೂ ಹಾಕಿ ಮತ್ತೆ ಓಡಿಸುತ್ತಿದ್ದೇನೆ.