ಸಿದ್ಧ ಕ್ರಯ ಕರಾರು: ಕಂತಿಗೆ ಜಮೀನು ಮಾರುವವರಿಗೆ ಐದಕ್ಕೆ ಎರಡೇ ಅಂಕ

ಉಪನೋಂದಣಿ ಕಚೇರಿಯ ಆಸುಪಾಸಿನ ಟೈಪಿಂಗ್ ಅಂಗಡಿಗಳಲ್ಲಿ ಸಿಗುವ ಕ್ರಯ ಕರಾರಿನ (ಮುಂದೆ ಮಾರಿಕೊಡುತ್ತೇನೆಂಬ ಒಪ್ಪಂದದ) ಸಿದ್ಧ ಪ್ರತಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಹೆಸರು, ಸರ್ವೆ ನಂಬರು, ಚಕ್ಕುಬಂದಿ (ಜಮೀನಿನ ನಾಲ್ಕು ದಿಕ್ಕಿನ ಗಡಿ) ತುಂಬಿದರೆ ಮುಗಿಯಿತು. ಮುಂಗಡ ಕೊಟ್ಟು ಎರಡು ಮೂರು ತಿಂಗಳಲ್ಲಿ ಕ್ರಯಪತ್ರ (ಮಾಲೀಕತ್ವ ವರ್ಗಾಯಿಸುವ ಪತ್ರ) ಮಾಡಿಸಿಕೊಳ್ಳುವ ವ್ಯವಹಾರಕ್ಕೆ ಅದು ಸಾಕು. ಆದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗದ ಖಾಲಿ ಜಮೀನಿಗೆ ಬ್ಯಾಂಕ್ ಸಾಲ ಹುಟ್ಟುವುದು ಕಷ್ಟ. ಕೊಳ್ಳುವವರು ಮೂರು ವರ್ಷದ ಕಂತು ಕೇಳುತ್ತಾರೆ, ಆಗ ಮಾರುವವರೇ ಸಾಲ ಕೊಟ್ಟವರ ಜಾಗದಲ್ಲಿ ಕೂರುತ್ತಾರೆ. ಆ ಕೆಲಸಕ್ಕೆ ಈ ಪ್ರತಿ ಹೊಲಿದದ್ದಲ್ಲ.

ಮೊದಲು ಹುಡುಕಬೇಕಾದ ಸಾಲು ಇದು: 'ಈ ದಿನವೇ ಸ್ವತ್ತಿನ ಸ್ವಾಧೀನ ಬಿಟ್ಟುಕೊಟ್ಟಿರುತ್ತೇನೆ.' ಕಂಡರೆ ಹೊಡೆದುಹಾಕಿಸಿ. ಸ್ವಾಧೀನ ಕೊಟ್ಟ ಕರಾರಿಗೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ. ಕಡಿಮೆ ಕಟ್ಟಿದ್ದರೆ ಬಾಕಿ ಮತ್ತು ಅದರ ಹತ್ತು ಪಟ್ಟು ದಂಡ ತೆರುವ ತನಕ ನ್ಯಾಯಾಲಯ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕರಾರು ನೋಂದಣಿಯಾಗಿದ್ದರೆ, ತನ್ನ ಪಾಲಿನ ಷರತ್ತು ಪೂರೈಸಲು ಸಿದ್ಧನಿರುವ ಕೊಳ್ಳುವವನಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 53ಎ ಕಲಮಿನ ರಕ್ಷಣೆ ಸಿಗುತ್ತದೆ, ಅಂದರೆ ಮಾರುವವರು ಸ್ವಾಧೀನ ಹಿಂಪಡೆಯುವಂತಿಲ್ಲ. ಆತ ಷರತ್ತು ತಪ್ಪಿದರೂ, ತಂತಿಬೇಲಿ ಎದ್ದು ಬೋರ್‌ವೆಲ್ ಕೊರೆದ ಮೇಲೆ ಬಿಡಿಸುವುದಕ್ಕೆ ದಾವೆಯೇ ದಾರಿ. ಆದಾಯ ತೆರಿಗೆಯವರು ಸ್ವಾಧೀನ ಕೊಟ್ಟ ವರ್ಷವೇ ವರ್ಗಾವಣೆಯಾಯಿತು ಎಂದು ಲೆಕ್ಕ ಹಾಕಬಹುದು. ಕೈಗೆ ಬಂದದ್ದು ಒಂದು ಕಂತು, ತೆರಿಗೆ ಪೂರ್ತಿ ಬೆಲೆಯ ಲಾಭಕ್ಕೆ. (ಗ್ರಾಮೀಣ ಕೃಷಿ ಜಮೀನಿಗೆ ಈ ತಲೆನೋವಿಲ್ಲ.)

'ಕಂತು ತಪ್ಪಿದರೆ ಕೊಟ್ಟ ಹಣವೆಲ್ಲ ಮುಟ್ಟುಗೋಲು' ಎಂಬ ಸಾಲು ಓದಲು ಗಟ್ಟಿ, ಕೋರ್ಟಿನಲ್ಲಿ ಟೊಳ್ಳು. ಸಾಮಾನ್ಯವಾಗಿ ಮಾರುವವರ ಕೈಯಲ್ಲಿ ಉಳಿಯುವುದು ಸಂಚಕಾರದ ಹಣ (ವ್ಯವಹಾರ ಖಚಿತಪಡಿಸಲು ಮೊದಲಿಗೆ ಕೊಡುವ ಹಣ) ಮಾತ್ರ. ಸಂಚಕಾರ ಇಷ್ಟು, ಕಂತು ಇಷ್ಟು ಎಂದು ಬೇರೆ ಬೇರೆ ಬರೆಸಿ. ಪ್ರತಿ ಕಂತಿಗೂ ತಾರೀಖು, ಬಡ್ಡಿ, ಎಷ್ಟು ಕಂತು ತಪ್ಪಿದರೆ ಕರಾರು ರದ್ದು ಎಂಬುದೂ ಇರಲಿ. 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡ ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಬೀಳುವುದು ಮಾರುವವರಿಗೆ.

ಮುಂದಿನ ತಾರೀಖಿನ ಚೆಕ್ಕುಗಳನ್ನು ಭದ್ರತೆ ಎಂದುಕೊಂಡು ಕ್ರಯಪತ್ರವನ್ನೇ ಬರೆದುಕೊಡುವುದು ಇನ್ನೂ ಅಪಾಯ. ಸೂರತ್ ಜಿಲ್ಲೆಯ ಕೃಷಿ ಜಮೀನೊಂದರ ಕ್ರಯಪತ್ರದಲ್ಲಿ 36 ಚೆಕ್ಕುಗಳ ಮೂಲಕ 1.74 ಕೋಟಿ ರೂಪಾಯಿ ಸಂದಿದೆ ಎಂದಿತ್ತು. ತಮಗೆ ಸಿಕ್ಕಿದ್ದು 6 ಚೆಕ್ಕಿನ 40,000 ಮಾತ್ರ ಎಂದು ಮಾರಿದವರು ಐದು ವರ್ಷ ಕಳೆದು ದಾವೆ ಹೂಡಿದರು. ಹಣ ಪೂರ್ತಿ ಬಂದಿಲ್ಲವೆಂಬ ಕಾರಣಕ್ಕೆ ನೋಂದಾಯಿತ ಕ್ರಯ ರದ್ದಾಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಚೆಕ್ ಬೌನ್ಸ್ ಆದರೆ 30 ದಿನದೊಳಗೆ ನೋಟಿಸು, ಪಾವತಿಗೆ 15 ದಿನ, ಆಮೇಲೆ ಒಂದು ತಿಂಗಳಲ್ಲಿ ದೂರು. ಪ್ರತಿ ಚೆಕ್ಕಿಗೂ ಈ ಗಡುವು ಬೇರೆ.

ಕ್ರಯಪತ್ರ ಮೊದಲೇ ಕೊಡಲೇಬೇಕಾದರೆ 'ಪೂರ್ತಿ ಹಣ ಸಂದಿದೆ' ಎಂದು ಬರೆಯದೆ ಬಾಕಿಯನ್ನು ಅಂಕಿಯಲ್ಲೇ ನಮೂದಿಸಿ, ಅದೇ ದಿನ ಕೊಂಡವರಿಂದ ಅಡಮಾನ ಪತ್ರ ನೋಂದಾಯಿಸಿಕೊಳ್ಳಿ. ಖರ್ಚು ಹೆಚ್ಚು, ಆದರೆ ಸಾಲ ಋಣಭಾರ ಪತ್ರದಲ್ಲಿ (ಇ.ಸಿ.) ಕಾಣುತ್ತದೆ, ಮೂರನೆಯವರಿಗೆ ಮಾರಿದರೂ ಹಿಂಬಾಲಿಸುತ್ತದೆ, ವಸೂಲಿ ದಾವೆಗೆ 12 ವರ್ಷದ ಅವಧಿ ಇರುತ್ತದೆ. ಸಿದ್ಧ ಪ್ರತಿಯಲ್ಲಿ ಇದರ ಸುಳಿವೂ ಇಲ್ಲ. ಎರಡು ಅಂಕ ಕೊಟ್ಟದ್ದು ಚಕ್ಕುಬಂದಿ ಮತ್ತು ಸಾಕ್ಷಿಗಳ ಭಾಗ ಅಚ್ಚುಕಟ್ಟಾಗಿರುವುದಕ್ಕೆ.