ತಾಳವಾಡಿಯೋ, ಉತ್ತರ ಐರ್ಲೆಂಡೋ: ಚರ್ಚೆಗೆ ಯಾವ ಉದಾಹರಣೆ?

ಮಾತುಕತೆಗಾಗಿ ಸರ್ಕಾರ ಕೈದಿಗಳನ್ನು ಬಿಡಬಹುದೇ? ತಾಳವಾಡಿ ಕಡೆಯ ಕಾಲೇಜು ಮಕ್ಕಳು ಈ ಬಗ್ಗೆ ಮಾತಾಡುವುದಾದರೆ ಎರಡು ಒಳ್ಳೆಯ ಉದಾಹರಣೆಗಳಿವೆ.

ಒಂದು ನಮ್ಮೂರಿನದ್ದೇ. 2000ದ ಜುಲೈ 30ರ ರಾತ್ರಿ ತಾಳವಾಡಿ ಹತ್ತಿರದ ದೊಡ್ಡಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತೊಯ್ದ. ಮೈಸೂರು ಜೈಲಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೈದಿಗಳನ್ನು, ತಮಿಳುನಾಡಿನ ಜೈಲುಗಳಲ್ಲಿದ್ದ ಐವರನ್ನು ಬಿಡಿ ಎಂದ. ಕರ್ನಾಟಕ, ತಮಿಳುನಾಡು ಎರಡೂ ಸರ್ಕಾರಗಳು ಒಪ್ಪಿಕೊಂಡವು. ಆಗ ಸುಪ್ರೀಂ ಕೋರ್ಟಿಗೆ ಹೋದವರು ಅಬ್ದುಲ್ ಕರೀಮ್. ಅವರ ಮಗ ಪೊಲೀಸ್ ಅಧಿಕಾರಿ, ವೀರಪ್ಪನ್ ತಂಡದ ಕೈಯಲ್ಲಿ ಸತ್ತವರು. ಸರ್ಕಾರಗಳು ಕೇಳದ ಆ ತಂದೆಯ ಅಳಲನ್ನು ಕೋರ್ಟ್ ಕೇಳಿತು. ನವೆಂಬರ್ 7ರಂದು ಕೈದಿಗಳ ಬಿಡುಗಡೆಯ ದಾರಿ ಮುಚ್ಚಿತು. ಆದರೂ ಮುಂದಿನ ವಾರ, 108 ದಿನಗಳ ಮೇಲೆ, ಅಣ್ಣಾವ್ರು ಬಿಡುಗಡೆಯಾದರು.

ಉತ್ತರ ಐರ್ಲೆಂಡ್‌ನದ್ದು ಬೇರೆ ಥರ. ಅಲ್ಲಿನ ದಶಕಗಳ ಹಿಂಸೆ ನಿಲ್ಲಿಸಲು ಮಾಡಿಕೊಂಡ 1998ರ ಏಪ್ರಿಲ್‌ನ ಶಾಂತಿ ಒಪ್ಪಂದವನ್ನು ಜನ ಮತ ಹಾಕಿ ಒಪ್ಪಿದರು. ಆಮೇಲೆ ಕೈದಿಗಳ ಬಿಡುಗಡೆಗೆ ಕಾನೂನು, ಅದಕ್ಕೊಂದು ಸ್ವತಂತ್ರ ಆಯೋಗ. ಕದನವಿರಾಮ ಪಾಲಿಸದ ಗುಂಪಿನವರಿಗೆ ಬಿಡುಗಡೆ ಇಲ್ಲ. ಹೊರಬಂದವರು ಷರತ್ತು ಮುರಿದರೆ ಮತ್ತೆ ಜೈಲು. ಅಲ್ಲೂ ಸತ್ತವರ ಮನೆಯವರಿಗೆ ಇದು ನುಂಗಲಾರದ ತುತ್ತೇ ಆಗಿತ್ತು.

ಬಿಡಬಾರದು ಎಂದು ವಾದಿಸುವವರು ತಾಳವಾಡಿ ಹಿಡಿಯಿರಿ. ಅಲ್ಲಿ ಬಂದೂಕಿನ ಒತ್ತಡ ಬಿಟ್ಟರೆ ಬೇರೆ ಒಪ್ಪಂದವೇ ಇರಲಿಲ್ಲ, ಅಲ್ವಾ? ಬಿಡಬಹುದು ಎನ್ನುವವರಿಗೆ ಐರ್ಲೆಂಡ್ ಗಟ್ಟಿ. ನನ್ನನ್ನು ಕೇಳಿದರೆ ಮೊದಲನೆಯದನ್ನೇ ತೆಗೆದುಕೊಳ್ಳಿ. ಸುಪ್ರೀಂ ಕೋರ್ಟಿನ ತೀರ್ಪನ್ನು ಪೂರ್ತಿ ಓದಿಕೊಂಡೇ ವೇದಿಕೆ ಹತ್ತಿ.